ಸಾವಿರದೈನೂರು ಯೂರೋ ಸಂಬಳದ ಆಟಗಾರ

2005ರ ಬೇಸಗೆಯಲ್ಲಿ ಇಟಲಿಯ ರೋಮಾ ಫುಟ್‌ಬಾಲ್ ಕ್ಲಬ್ಬು ತನ್ನ ಹಳೆಯ ಆಟಗಾರನೊಬ್ಬನೊಡನೆ ಒಂದು ವರ್ಷದ ಒಪ್ಪಂದ ಮಾಡಿಕೊಂಡಿತು. ಆಟಗಾರನ ಹೆಸರು ಡಮಿಯಾನೊ ಟೊಮ್ಮಾಸಿ. ವಯಸ್ಸು 31. ಸಂಬಳ ತಿಂಗಳಿಗೆ 1500 ಯೂರೋ. ವರ್ಷಕ್ಕೆ ಹತ್ತಾರು ಲಕ್ಷ ಯೂರೋ ಎಣಿಸಿಕೊಳ್ಳುವ ಆಟಗಾರರಿದ್ದ ತಂಡದಲ್ಲಿ, ನಾಲ್ಕು ವರ್ಷಗಳ ಹಿಂದೆ ಅದೇ ತಂಡಕ್ಕೆ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟವರಲ್ಲಿ ಒಬ್ಬನಾಗಿದ್ದವನು, ಕಿರಿಯರ ತಂಡದ ಹುಡುಗರಿಗೆ ಸಲ್ಲುವ ಕನಿಷ್ಠ ವೇತನವನ್ನು ತಾನಾಗಿಯೇ ಕೇಳಿ ಪಡೆದಿದ್ದ.

ಈ ಸುದ್ದಿಯನ್ನು ಬರೆದವರೆಲ್ಲ ಅದನ್ನೊಂದು ತ್ಯಾಗದ ಕಥೆಯಾಗಿ ಬರೆದರು. ನಮ್ಮಲ್ಲಿಯೂ ತ್ಯಾಗದ ಕಥೆಗಳಿಗೆ ಬರವಿಲ್ಲ. ಪಾಠಪುಸ್ತಕಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಅವನ್ನೇ ಹೇಳಿಕೊಂಡು ಬಂದವನು ನಾನು. ಆದರೆ ಟೊಮ್ಮಾಸಿಯ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಆರು ವರ್ಷಗಳ ತರುವಾಯ ಇದೇ ಮನುಷ್ಯ ಇಟಲಿಯ ಫುಟ್‌ಬಾಲ್ ಆಟಗಾರರ ಮುಷ್ಕರವನ್ನು ಮುನ್ನಡೆಸಿದ. ಕೋಟ್ಯಧೀಶರ ಮುಷ್ಕರವೆಂದು ಜನ ಅದನ್ನು ಹೀಗಳೆದರು. ಕಡಿಮೆ ಸಂಬಳ ಕೇಳಿ ಪಡೆದವನೂ ಹೆಚ್ಚು ಸಂಬಳದವರ ಪರವಾಗಿ ಆಟ ನಿಲ್ಲಿಸಿದವನೂ ಒಬ್ಬನೇ ಎಂಬುದು ಮೊದಲ ನೋಟಕ್ಕೆ ವಿರೋಧಾಭಾಸವೆನಿಸುತ್ತದೆ. ನನಗೆ ಹಾಗೆನಿಸುವುದಿಲ್ಲ. ಏಕೆಂದು ಹೇಳಲು ಆತನ ಬದುಕನ್ನು ಸ್ವಲ್ಪ ಮೊದಲಿನಿಂದಲೇ ನೋಡಬೇಕು.

ಇಟಲಿಯ ಈಶಾನ್ಯದಲ್ಲಿ ವೆರೋನಾ ನಗರವಿದೆ. ಷೇಕ್ಸ್‌ಪಿಯರನ ರೋಮಿಯೋ ಜೂಲಿಯೆಟರ ಊರೆಂದರೆ ಎಲ್ಲರಿಗೂ ತಿಳಿಯುತ್ತದೆ. ಅದರ ಉತ್ತರಕ್ಕೆ ಲೆಸ್ಸೀನಿಯಾ ಎಂಬ ಗುಡ್ಡಸೀಮೆ. ಅಲ್ಲಿಯ ನೆಲದಿಂದ ಹಲಗೆಯಂಥ ಕಲ್ಲು ಪದರಪದರವಾಗಿ ಏಳುತ್ತದೆ. ಹಳೆಯ ಮನೆಗಳ ಮಾಡಿಗೂ ಹೊಲದ ಬೇಲಿಗೂ ಅದೇ ಕಲ್ಲು. ನಮ್ಮ ಕಡೆಯ ಕಡಪ ಕಲ್ಲಿನ ಚಪ್ಪಡಿಗಳನ್ನು ನೆನೆದುಕೊಂಡರೆ ಸರಿಹೋದೀತು. ಈ ಸೀಮೆಯ ಸಾಂತ್ ಆನ್ನಾ ದ್ ಆಲ್ಫಾಯೆದೊ ಎಂಬ ಊರಿನ ಹುಡುಗ ಟೊಮ್ಮಾಸಿ. ಹುಟ್ಟಿದ್ದು 1974ರ ಮೇ 17ರಂದು, ತಪ್ಪಲಿನ ನೆಗ್ರಾರ್‌ನಲ್ಲಿ. ಫುಟ್‌ಬಾಲ್ ಕಲಿತದ್ದು, ಮೊದಲು ಆಡಿದ್ದು ವೆರೋನಾದ ಹೆಲ್ಲಾಸ್ ವೆರೋನಾ ಕ್ಲಬ್ಬಿನಲ್ಲಿ. ಆಗ ಅದು ಎರಡನೆಯ ದರ್ಜೆಯ ಸೀರಿ ಬಿ ಲೀಗಿನಲ್ಲಿತ್ತು. 1996ರಲ್ಲಿ ತಂಡ ಮೇಲ್ದರ್ಜೆಗೆ ಏರಿತು; ಅದೇ ವರ್ಷ ಇಟಲಿಯ 21 ವರ್ಷದೊಳಗಿನವರ ತಂಡ ಯೂರೋಪಿನ ಚಾಂಪಿಯನ್ ಆದಾಗ ಈತ ಅದರಲ್ಲಿದ್ದ; ಅಟ್ಲಾಂಟಾ ಒಲಿಂಪಿಕ್ಸಿಗೂ ಹೋದ; ಅದೇ ಬೇಸಗೆಯಲ್ಲಿ ರೋಮಾ ಸೇರಿದ.

ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆಗ ಇಟಲಿಯ ಗಂಡುಮಕ್ಕಳಿಗೆ ಕಡ್ಡಾಯ ಸೈನಿಕ ಸೇವೆಯಿತ್ತು. 2005ರಲ್ಲಿ ಅದು ನಿಂತಿತು. ಆಯುಧ ಹಿಡಿಯಲು ಮನಸ್ಸಾಕ್ಷಿ ಒಪ್ಪದವರಿಗೆ ಬದಲಿ ನಾಗರಿಕ ಸೇವೆಯ ಅವಕಾಶವನ್ನು ಕಾನೂನು ಕೊಟ್ಟಿತ್ತು. ಟೊಮ್ಮಾಸಿ ಆಯ್ದುಕೊಂಡದ್ದು ಈ ದಾರಿಯನ್ನು. ಕ್ಯಾರಿತಾಸ್ ಎಂಬ ಕ್ಯಾಥೊಲಿಕ್ ಸೇವಾಸಂಸ್ಥೆಯಲ್ಲಿ ದುಡಿದು ಆ ಋಣವನ್ನು ತೀರಿಸಿದ. ಇಪ್ಪತ್ತರ ಹರೆಯದಲ್ಲಿ, ವೃತ್ತಿ ಈಗಷ್ಟೇ ಕುದುರುತ್ತಿರುವಾಗ, ಹೀಗೆ ಬೇರೆ ದಾರಿ ಕೇಳುವ ಹುಡುಗನ ಸ್ವಭಾವ ಎಂಥದೆಂದು ಮುಂದಿನದೆಲ್ಲ ಓದುವಾಗ ನೆನಪಿಟ್ಟುಕೊಳ್ಳಬೇಕು. ರೋಮಿನ ಅಭಿಮಾನಿಗಳು ಆತನಿಗೆ 'ಆನಿಮಾ ಕಾಂದಿದಾ' ಎಂದು ಅಡ್ಡಹೆಸರಿಟ್ಟರು. ನಿಷ್ಕಪಟ ಜೀವ ಎಂದು ಅದರ ಅರ್ಥ. ಫುಟ್‌ಬಾಲಿನಲ್ಲಿ ಇಂಥ ಹೆಸರು ಮೆಚ್ಚುಗೆಯೂ ಹೌದು, ತುಸು ಗೇಲಿಯೂ ಹೌದು.

ಆತ ಆಡುತ್ತಿದ್ದದ್ದು ಮಿಡ್‌ಫೀಲ್ಡಿನಲ್ಲಿ. ನಮ್ಮಲ್ಲಿ ಕ್ರಿಕೆಟ್ಟಿನ ಭಾಷೆ ಬಲ್ಲವರೇ ಹೆಚ್ಚಾದ್ದರಿಂದ ಎರಡು ಮಾತು. ಗೋಲು ಹೊಡೆಯುವವರು ಮುಂದೆ, ಗೋಲು ತಡೆಯುವವರು ಹಿಂದೆ. ನಡುವೆ ಇರುವವರು ಚೆಂಡನ್ನು ಕಸಿದು ಮುಂದಕ್ಕೆ ದಾಟಿಸಬೇಕು, ಕಳೆದುಕೊಂಡರೆ ಓಡಿಹೋಗಿ ಮರಳಿ ಗಳಿಸಬೇಕು. ಇವರಲ್ಲಿಯೂ ಎರಡು ಬಗೆ. ಕೆಲವರು ಕಲಾವಿದರು; ಒಂದು ಪಾಸಿನಲ್ಲಿ ಆಟದ ದಿಕ್ಕನ್ನೇ ಬದಲಿಸುವವರು. ಇನ್ನು ಕೆಲವರು ಕಲಾವಿದನಿಗೆ ರಂಗ ಗುಡಿಸಿಕೊಡುವವರು. ಟೊಮ್ಮಾಸಿ ಈ ಎರಡನೆಯ ಪಂಗಡದವನು. ತಲೆತುಂಬ ಗುಂಗುರುಕೂದಲು, ಗಡ್ಡ, ಬೆನ್ನ ಮೇಲೆ 17ರ ಅಂಕಿ, ತೊಂಬತ್ತು ನಿಮಿಷವೂ ನಿಲ್ಲದ ಓಟ. ಫ್ರಾನ್ಸೆಸ್ಕೊ ಟೊಟ್ಟಿಯಂಥ ಪ್ರತಿಭೆ ಬೆನ್ನು ತಿರುಗಿಸಿ ನೋಡದೆ ಆಡಬೇಕಾದರೆ ಅವನ ಬೆನ್ನಿಗೆ ಇಂಥವನೊಬ್ಬ ಇರಬೇಕು.

1997ರಿಂದ ಎರಡು ವರ್ಷ ರೋಮಾದ ತರಬೇತುದಾರನಾಗಿದ್ದವನು ಜ್ದೆನೆಕ್ ಜೆಮಾನ್. ಆಟಗಾರರನ್ನು ಓಡಿಸಿ ಓಡಿಸಿ ಹಣ್ಣು ಮಾಡುವುದಕ್ಕೆ ಹೆಸರಾದವನು. ಅನೇಕರಿಗೆ ಶಿಕ್ಷೆಯಂತಿದ್ದ ಆ ತರಬೇತಿ ಟೊಮ್ಮಾಸಿಯ ಮೈಗೆ ಒಗ್ಗಿತು. 1999ರಲ್ಲಿ ಬಂದ ಫಾಬಿಯೊ ಕಪೆಲ್ಲೊ ಶಿಸ್ತಿನ, ಲೆಕ್ಕಾಚಾರದ ಮನುಷ್ಯ. ಅವನ ಕೈಯಲ್ಲಿ 2000-01ರ ರೋಮಾ ರೂಪುಗೊಂಡಿತು. ಕಾಫು, ಬಟಿಸ್ಟುಟಾ, ಮೊಂಟೆಲ್ಲಾ, ಟೊಟ್ಟಿ ಮೊದಲಾದ ದೊಡ್ಡ ಹೆಸರುಗಳ ನಡುವೆ ಟೊಮ್ಮಾಸಿಯೂ ತಪ್ಪದೆ ಇರುತ್ತಿದ್ದ. 2001ರ ಜೂನ್ 17ರಂದು ಒಲಿಂಪಿಕೊ ಕ್ರೀಡಾಂಗಣದಲ್ಲಿ ಪಾರ್ಮಾ ತಂಡವನ್ನು 3-1ರಿಂದ ಸೋಲಿಸಿ ರೋಮಾ ಸ್ಕುಡೆಟ್ಟೊ ಗೆದ್ದಿತು. ಇದು ಪದಕವಲ್ಲ, ಲೀಗ್ ಗೆದ್ದ ತಂಡ ಮರುವರ್ಷ ಅಂಗಿಯ ಮೇಲೆ ಧರಿಸುವ ಪುಟ್ಟ ಗುರಾಣಿಯ ಚಿಹ್ನೆ. ರೋಮಾಕ್ಕೆ ಅದು 1942 ಮತ್ತು 1983ರ ನಂತರ ಮೂರನೆಯದು. ಪಂದ್ಯ ಮುಗಿಯುವ ಮೊದಲೇ ಜನ ಮೈದಾನಕ್ಕೆ ನುಗ್ಗಿದ್ದರಂತೆ.

ನಾನು ಟೊಮ್ಮಾಸಿಯನ್ನು ನೋಡಿದ್ದು ಮರುವರ್ಷ, ಟಿವಿಯಲ್ಲಿ. 2002ರ ವಿಶ್ವಕಪ್ ಕೊರಿಯಾ ಮತ್ತು ಜಪಾನುಗಳಲ್ಲಿ ನಡೆದದ್ದರಿಂದ ಪಂದ್ಯಗಳು ನಮಗೆ ಹಗಲಿನಲ್ಲೇ ಸಿಗುತ್ತಿದ್ದವು. ಜೂನ್ 18ರಂದು ದೇಜಾನ್ ನಗರದಲ್ಲಿ ಇಟಲಿಗೂ ದಕ್ಷಿಣ ಕೊರಿಯಾಕ್ಕೂ ಪಂದ್ಯ. ನಮ್ಮ ಸಂಜೆ ಐದಕ್ಕೆ ಆರಂಭ. ಶಾಲೆ ಬಿಟ್ಟು ಬಂದು ನೆರೆಮನೆಯ ಕೇಬಲ್ ಟಿವಿಯ ಮುಂದೆ ಕುಳಿತೆ. ಹೊರಗೆ ಮಳೆ ಹಿಡಿದಿತ್ತು. ಕರೆಂಟು ಹೋಗದಿದ್ದದ್ದು ನಮ್ಮ ಪುಣ್ಯ. ವಿಯೆರಿ ಹದಿನೆಂಟನೆಯ ನಿಮಿಷದಲ್ಲಿ ಗೋಲು ಹೊಡೆದ. ಪಂದ್ಯ ಇನ್ನೇನು ಮುಗಿಯಿತೆನ್ನುವಾಗ, 88ನೆಯ ನಿಮಿಷದಲ್ಲಿ, ಕೊರಿಯಾ ಸಮ ಮಾಡಿತು. ಹೆಚ್ಚುವರಿ ಸಮಯದಲ್ಲಿ ಯಾರು ಮೊದಲು ಗೋಲು ಹೊಡೆಯುತ್ತಾರೋ ಅವರೇ ಗೆದ್ದಂತೆ ಎಂಬ 'ಗೋಲ್ಡನ್ ಗೋಲ್' ನಿಯಮ ಆಗ ಇತ್ತು. ಟೊಟ್ಟಿಯನ್ನು ರೆಫರಿ ಮೈದಾನದಿಂದ ಹೊರಗೆ ಕಳಿಸಿದ. ಹತ್ತೇ ಮಂದಿ ಉಳಿದ ಇಟಲಿ ತಂಡದಿಂದ ಗುಂಗುರುಕೂದಲಿನವನೊಬ್ಬ ರಕ್ಷಕರ ಸಾಲನ್ನು ಸೀಳಿಕೊಂಡು ಒಬ್ಬನೇ ಗೋಲಿನತ್ತ ಓಡಿದ. ಅಷ್ಟರಲ್ಲಿ ಪಕ್ಕದ ರೇಖೆಯಲ್ಲಿದ್ದ ಸಹಾಯಕನ ಬಾವುಟ ಮೇಲೆದ್ದಿತ್ತು. ಆಫ್‌ಸೈಡ್. ಟಿವಿ ಮತ್ತೆ ಮತ್ತೆ ತೋರಿಸಿದ ಚಿತ್ರ ನೋಡಿದವರಲ್ಲಿ ಹೆಚ್ಚಿನವರಿಗೆ ಅದು ಆಫ್‌ಸೈಡ್ ಎನಿಸಲಿಲ್ಲ. 117ನೆಯ ನಿಮಿಷದಲ್ಲಿ ಆನ್ ಜುಂಗ್‌ಹ್ವಾನ್ ತಲೆಯಿಂದ ಚೆಂಡು ತೂರಿ ಕೊರಿಯಾವನ್ನು ಗೆಲ್ಲಿಸಿದ.

ಈಕ್ವೆಡಾರಿನ ರೆಫರಿ ಬೈರನ್ ಮೊರೆನೊನ ಮೇಲೆ ಇಟಲಿಯ ಜನ ಸುರಿದ ಸಿಟ್ಟು ಇಂದಿಗೂ ಪೂರ್ತಿ ಆರಿಲ್ಲ. ಆ ಸಿಟ್ಟಿನ ಕಥೆಯಲ್ಲಿ ಟೊಟ್ಟಿಯ ಕೆಂಪು ಕಾರ್ಡು ಮೊದಲು ಬರುತ್ತದೆ, ಟೊಮ್ಮಾಸಿಯ ರದ್ದಾದ ಗೋಲು ಆಮೇಲೆ. ಅಲ್ಲಿಯೂ ಆತನದು ಎರಡನೆಯ ಸ್ಥಾನವೇ. ಇಟಲಿಯ ಪರವಾಗಿ ಒಟ್ಟು 25 ಪಂದ್ಯ ಆಡಿ ಎರಡು ಗೋಲು ಹೊಡೆದವನಿಗೆ, ಎಣಿಕೆಗೆ ಬಾರದ ಆ ಮೂರನೆಯದೇ ಹೆಚ್ಚು ಪ್ರಸಿದ್ಧ.

ಇನ್ನು 2004ಕ್ಕೆ ಬರೋಣ. ಆ ಜುಲೈ ತಿಂಗಳಲ್ಲಿ, ಋತು ಆರಂಭಕ್ಕೆ ಮೊದಲು, ಇಂಗ್ಲೆಂಡಿನ ಸ್ಟೋಕ್ ಸಿಟಿ ತಂಡದೊಡನೆ ಒಂದು ಸ್ನೇಹಪಂದ್ಯ. ಎದುರಾಳಿ ಆಟಗಾರನೊಬ್ಬ ಮೇಲೆರಗಿದ ರಭಸಕ್ಕೆ ಟೊಮ್ಮಾಸಿಯ ಮಂಡಿಯ ಅಸ್ಥಿರಜ್ಜುಗಳು ಹರಿದವು. ತೊಡೆಯ ಎಲುಬನ್ನೂ ಕಣಕಾಲಿನ ಎಲುಬನ್ನೂ ಒಂದಕ್ಕೊಂದು ಕಟ್ಟಿ ಹಿಡಿಯುವ ಹುರಿಗಳಿವು. ಇವು ಹರಿದ ಕಾಲು ನಡೆದೀತು, ಆದರೆ ಓಡುತ್ತ ಓಡುತ್ತ ತಟಕ್ಕನೆ ತಿರುಗಲಾರದು. ಓಟವನ್ನೇ ವೃತ್ತಿ ಮಾಡಿಕೊಂಡವನಿಗೆ, ಅದೂ ಮೂವತ್ತು ದಾಟಿದವನಿಗೆ, ಇಂಥ ಏಟಿನ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ.

ರೋಮಾ ಕ್ಲಬ್ಬಿಗೂ ಆ ವರ್ಷ ಗ್ರಹಚಾರ ಕೆಟ್ಟಿತ್ತು. ಕಪೆಲ್ಲೊ ಯುವೆಂಟಸ್‌ಗೆ ಹೋದ. ಎಮೆರ್ಸನ್ ಅವನ ಹಿಂದೆಯೇ ಹೋದ. ರಕ್ಷಣೆಯ ಗೋಡೆಯಂತಿದ್ದ ಸಾಮುಯೆಲ್‌ನನ್ನು ರಿಯಲ್ ಮ್ಯಾಡ್ರಿಡ್‌ಗೆ ಮಾರಲಾಯಿತು. ಇಟಲಿಯ ಕ್ಲಬ್ಬುಗಳ ಹಣದ ಗುಳ್ಳೆ ಒಡೆಯುತ್ತಿದ್ದ ಕಾಲ ಅದು. 2002ರಲ್ಲಿ ಫಿಯೊರೆಂಟಿನಾ ದಿವಾಳಿಯೆದ್ದಿತ್ತು. 2003ರ ಕೊನೆಗೆ ಪಾರ್ಮಾಲಾಟ್ ಕಂಪನಿ ಕುಸಿದು ಪಾರ್ಮಾ ಕ್ಲಬ್ಬನ್ನೂ ಎಳೆದುಕೊಂಡಿತ್ತು. ರೋಮಾದಲ್ಲಿ ಸಾಲ ಬೆಳೆದಿತ್ತು. ಒಂದೇ ಋತುವಿನಲ್ಲಿ ಪ್ರಾಂದೆಲ್ಲಿ, ಫೋಲರ್, ಡೆಲ್ ನೇರಿ, ಬ್ರೂನೊ ಕೊಂಟಿ ಎಂದು ನಾಲ್ವರು ತರಬೇತುದಾರರು. ಮಂಡಿಗೆ ಶಸ್ತ್ರಕ್ರಿಯೆಯಾದ ಆಟಗಾರನೊಬ್ಬನ ಒಪ್ಪಂದ 2005ರ ಜೂನ್ ಕೊನೆಗೆ ಮುಗಿಯುತ್ತದೆಂದರೆ ಅಂಥ ಕ್ಲಬ್ಬಿಗೆ ಒಂದು ಖರ್ಚು ತಾನಾಗಿ ಕಳೆದಂತೆ. ಕಾನೂನಿನ ಪ್ರಕಾರ ಅದು ಅವನಿಗೆ ಏನನ್ನೂ ಕೊಡಬೇಕಾಗಿರಲಿಲ್ಲ.

ಟೊಮ್ಮಾಸಿ ಹೇಳಿದ್ದಿಷ್ಟು: ನಾನು ಮತ್ತೆ ಆಡಬಲ್ಲೆನೋ ಇಲ್ಲವೋ ನನಗಿನ್ನೂ ತಿಳಿಯದು, ತಿಳಿಯುವವರೆಗೆ ನೀವು ಕಾನೂನು ವಿಧಿಸುವ ಕನಿಷ್ಠವನ್ನು ಕೊಟ್ಟರೆ ಸಾಕು. ಮಾತುಗಳು ನನ್ನವು, ತಾತ್ಪರ್ಯ ಅವನದು. 1500 ಯೂರೋ ಎಂಬುದು ಇಟಲಿಯ ಒಬ್ಬ ಶಾಲಾಮೇಷ್ಟ್ರ ತಿಂಗಳ ಸಂಬಳದ ಆಸುಪಾಸಿನ ಮೊತ್ತ. ಅಂದಿನ ದರದಲ್ಲಿ ನಮ್ಮ 80,000 ರೂಪಾಯಿ ಎನ್ನಿ. 2008ರಲ್ಲಿ ನಿವೃತ್ತನಾದಾಗಲೂ ನಾನು ಅದರ ಅರ್ಧವನ್ನು ಕಂಡವನಲ್ಲ. ಆದ್ದರಿಂದ ಇದನ್ನು ಬಡತನವೆಂದು ಕರೆದು ಕಣ್ಣೀರು ಹಾಕಲಾರೆ. ಆತ ಅದಕ್ಕೆ ಮೊದಲು ಹತ್ತು ವರ್ಷ ಚೆನ್ನಾಗಿಯೇ ಗಳಿಸಿದ್ದ. ಮೆಚ್ಚಬೇಕಾದದ್ದು ಹೊಟ್ಟೆ ಕಟ್ಟಿದ್ದನ್ನಲ್ಲ, ಲೆಕ್ಕ ಹಾಕಿದ ರೀತಿಯನ್ನು. ಸಂಬಳವೆಂದರೆ ಮಾಡಿದ ಕೆಲಸದ ಬೆಲೆ, ಮನುಷ್ಯನ ಬೆಲೆಯಲ್ಲ. ಈ ವರ್ಷ ನಾನು ಕೆಲಸ ಮಾಡಬಲ್ಲೆನೆಂಬ ಭರವಸೆಯಿಲ್ಲ, ಹಾಗಾಗಿ ಇಷ್ಟು ಸಾಕು. ಅಷ್ಟೇ.

ಹದಿನೈದು ತಿಂಗಳ ಬಳಿಕ, 2005ರ ಶರತ್ಕಾಲದಲ್ಲಿ, ಆತ ಮತ್ತೆ ಮೈದಾನಕ್ಕಿಳಿದ. ಹೊಸ ತರಬೇತುದಾರ ಸ್ಪಲೆಟ್ಟಿ ಕಟ್ಟಿದ ಆ ತಂಡ ಲೀಗಿನಲ್ಲಿ ಸತತ ಹನ್ನೊಂದು ಪಂದ್ಯ ಗೆದ್ದು ಅಂದಿನ ದಾಖಲೆ ಮಾಡಿದ ಋತು ಅದು. ಮರುವರ್ಷ ಟೊಮ್ಮಾಸಿ ರೋಮ್ ಬಿಟ್ಟು ಸ್ಪೇನಿನ ಲೆವಾಂಟೆ ಕ್ಲಬ್ಬಿಗೆ ಹೋದ.

ಇಲ್ಲಿ ನನ್ನದೊಂದು ಹಳೆಯ ಅನುಭವವನ್ನು ಹೇಳದೆ ಮುಂದಕ್ಕೆ ಹೋಗಲಾರೆ. 1970ರ ದಶಕದ ಕೊನೆಯಲ್ಲಿ, ಸರ್ಕಾರಿ ನೌಕರಿ ಸಿಗುವ ಮುನ್ನ, ಅನುದಾನವಿಲ್ಲದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ನಾಲ್ಕು ವರ್ಷ ದುಡಿದೆ. ಸಂಬಳದ ಪಟ್ಟಿಯಲ್ಲಿ 340 ರೂಪಾಯಿಗೆ ಸಹಿ, ಕೈಗೆ 200. ಆ ಕಾಲದಲ್ಲಿ ಇಂಥ ಶಾಲೆಗಳ ಮೇಷ್ಟ್ರುಗಳನ್ನು ಕೇಳಿದರೆ ಇದೇ ಕಥೆ ಸಿಕ್ಕೀತು. ನಮ್ಮ ಜೊತೆಗಿದ್ದ ಸಂಸ್ಕೃತದ ಮೇಷ್ಟ್ರು ಅನುಕೂಲಸ್ಥರು. ಅಡಿಕೆ ತೋಟವಿತ್ತು, ಮಕ್ಕಳೆಲ್ಲ ನೆಲೆ ನಿಂತಿದ್ದರು. ತಮಗೆ ಸಂಬಳವೇ ಬೇಡ, ಪಾಠ ಹೇಳುವುದೇ ಸಂತೋಷ ಎಂದುಬಿಟ್ಟರು. ಮನಸ್ಸು ತುಂಬ ಒಳ್ಳೆಯದು. ಇಂದಿಗೂ ಅವರ ವಿಷಯದಲ್ಲಿ ನನಗೆ ಗೌರವವೇ. ಆದರೆ ಉಳಿದವರು ಪೂರ್ತಿ ಸಂಬಳ ಕೇಳಲು ಹೋದಾಗಲೆಲ್ಲ ಆಡಳಿತ ಮಂಡಳಿಯವರ ಬಾಯಲ್ಲಿ ಬರುತ್ತಿದ್ದದ್ದು ಅವರ ಹೆಸರೇ. "ಶಾಸ್ತ್ರಿಗಳನ್ನು ನೋಡಿ ಕಲಿಯಿರಿ. ಅವರದು ಸೇವೆ. ನಿಮ್ಮದು ಬರೀ ನೌಕರಿ." ಮನೆಯಲ್ಲಿ ಮೂವರು ತಂಗಿಯರಿದ್ದ ಗಣಿತದ ಮೇಷ್ಟ್ರು ಆ ಮಾತು ಕೇಳಿ ತಲೆ ತಗ್ಗಿಸಿಕೊಂಡು ಹೊರಗೆ ಬಂದದ್ದು ನನ್ನ ಕಣ್ಣ ಮುಂದಿದೆ. ಒಬ್ಬರ ಔದಾರ್ಯ ಇನ್ನೊಬ್ಬರ ಬೆನ್ನಿಗೆ ಬೀಳುವ ಬೆತ್ತವಾದದ್ದನ್ನು ನಾನು ಕಂಡದ್ದು ಅಲ್ಲಿ. ಶಾಸ್ತ್ರಿಗಳಿಗೆ ಇದು ಗೊತ್ತಿತ್ತೋ ಇಲ್ಲವೋ. ಗೊತ್ತಿದ್ದರೂ ಅವರು ಒಂದು ಮಾತು ಆಡಲಿಲ್ಲ.

ಆದ್ದರಿಂದ ಟೊಮ್ಮಾಸಿಯ 1500 ಯೂರೋ ಸುದ್ದಿಯನ್ನು ಓದಿದಾಗ ನನಗೆ ಮೆಚ್ಚುಗೆಯೊಡನೆ ಒಂದು ಅಳುಕೂ ಹುಟ್ಟಿತ್ತು. ನಾಳೆ ಗಾಯಗೊಂಡ ಇನ್ನೊಬ್ಬ ಆಟಗಾರನಿಗೆ, ಉಳಿತಾಯವಿಲ್ಲದ ಮೂರನೆಯ ದರ್ಜೆಯ ಹುಡುಗನಿಗೆ, ಯಾವನೋ ಮಾಲೀಕ "ಟೊಮ್ಮಾಸಿಯನ್ನು ನೋಡಿ ಕಲಿ" ಎಂದರೆ?

ಲೆವಾಂಟೆಯಲ್ಲಿ ಆತನಿಗೆ ಸಂಬಳದ ಇನ್ನೊಂದು ಮುಖ ಕಂಡಿತು. 2007-08ರ ಹೊತ್ತಿಗೆ ಆ ಕ್ಲಬ್ಬು ಸಾಲದಲ್ಲಿ ಮುಳುಗಿತು. ಆಟಗಾರರಿಗೆ ತಿಂಗಳುಗಟ್ಟಲೆ ವೇತನವಿಲ್ಲ, ಮುಷ್ಕರದ ಬೆದರಿಕೆ, ಋತುವಿನ ಕೊನೆಗೆ ಕೆಳದರ್ಜೆಗೆ ಕುಸಿತ. ಕಡಿಮೆ ಪಡೆಯುವುದನ್ನು ತಾನೇ ಆರಿಸಿಕೊಂಡಿದ್ದವನು ಈಗ ಏನೂ ಪಡೆಯದಿರುವುದನ್ನು ಇತರರು ತನ್ನ ಮೇಲೆ ಹೇರಿದಾಗ ಹೇಗಿರುತ್ತದೆಂದು ನೋಡಿದ. ಅನಂತರ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್‌ನಲ್ಲಿ ಕೆಲವು ತಿಂಗಳು. ನಮ್ಮ ಉಕ್ಕಿನ ಉದ್ಯಮಿ ಲಕ್ಷ್ಮೀ ಮಿತ್ತಲ್ ಕುಟುಂಬಕ್ಕೆ ಶೇಕಡಾ 20ರ ಪಾಲಿದ್ದ ಕ್ಲಬ್ಬು ಅದು. 2009ರಲ್ಲಿ ಚೀನಾದ ಟಿಯಾನ್‌ಜಿನ್ ಟೆಡಾ. ಇಟಲಿಯವರು ಚೀನಾಕ್ಕೆ ಆಡಲು ಹೋಗುವುದು ಇನ್ನೂ ರೂಢಿಯಾಗಿರದಿದ್ದ ಕಾಲ. ಅಲ್ಲಿಂದ ಹಿಂದಿರುಗಿ ತನ್ನೂರು ಸಾಂತ್ ಆನ್ನಾದ ಹವ್ಯಾಸಿ ತಂಡದಲ್ಲಿ ಆಡಿದ. 2015ರಲ್ಲಿ, 41ರ ವಯಸ್ಸಿನಲ್ಲಿ, ಸಾನ್ ಮರಿನೋ ಎಂಬ ಪುಟಾಣಿ ದೇಶದ ಲಾ ಫಿಯೊರಿಟಾ ತಂಡದೊಡನೆ ಯೂರೋಪಾ ಲೀಗಿನ ಅರ್ಹತಾ ಪಂದ್ಯಕ್ಕೂ ಇಳಿದ. ಲಿಖ್ಟೆನ್‌ಸ್ಟೈನಿನ ವಾದುಝ್ ತಂಡದೆದುರು ಅದು ಸೋತು ಸುಣ್ಣವಾಯಿತು. ಇರಲಿ, ಅದು ಸಂತೋಷಕ್ಕೆ ಆಡಿದ ಆಟ.

ಅಷ್ಟರಲ್ಲಿ ಆತನ ನಿಜವಾದ ಎರಡನೆಯ ವೃತ್ತಿ ಆರಂಭವಾಗಿತ್ತು. ಇಟಲಿಯ ಆಟಗಾರರ ಸಂಘ 1968ರಲ್ಲಿ ಹುಟ್ಟಿದ್ದು. ಮಾಜಿ ಆಟಗಾರರೂ ವಕೀಲರೂ ಆದ ಸೆರ್ಜಿಯೊ ಕಂಪಾನಾ ಅದನ್ನು ಕಟ್ಟಿ 43 ವರ್ಷ ನಡೆಸಿದರು. ಕ್ಲಬ್ಬುಗಳು ಆಟಗಾರನನ್ನು ಅವನ ಒಪ್ಪಿಗೆಯಿಲ್ಲದೆ ಎತ್ತುಗಳಂತೆ ಮಾರುತ್ತಿದ್ದ ಕಾಲದಲ್ಲಿ ಶುರುವಾದ ಸಂಘ ಅದು. 1981ರಲ್ಲಿ ವೃತ್ತಿಪರ ಕ್ರೀಡಾಪಟುಗಳನ್ನು ಕಾನೂನಿನ ಕಣ್ಣಿನಲ್ಲಿ ದುಡಿಮೆಗಾರರೆಂದು ಕಾಣುವ ಶಾಸನ ಬಂದದ್ದರ ಹಿಂದೆ ಅದರ ಹೋರಾಟವಿತ್ತು. 2011ರ ಮೇ ತಿಂಗಳಲ್ಲಿ ಕಂಪಾನಾ ಅವರ ಸ್ಥಾನಕ್ಕೆ ಟೊಮ್ಮಾಸಿ ಆಯ್ಕೆಯಾದ.

ಮೂರು ತಿಂಗಳೊಳಗೆ ಪರೀಕ್ಷೆ ಬಂತು. ಕ್ಲಬ್ಬುಗಳಿಗೂ ಆಟಗಾರರಿಗೂ ನಡುವಣ ಸಾಮೂಹಿಕ ಒಪ್ಪಂದ 2010ರ ಜೂನ್ ಕೊನೆಗೆ ಮುಗಿದುಹೋಗಿತ್ತು. ಹೊಸದಕ್ಕೆ ಕ್ಲಬ್ಬುಗಳು ಸಹಿ ಹಾಕಿರಲಿಲ್ಲ. ಜಗಳ ಎರಡು ವಿಷಯಕ್ಕೆ. ಮೊದಲನೆಯದು ಏಳನೆಯ ಕಲಮು. ತಮಗೆ ಬೇಡವಾದ ಆಟಗಾರರನ್ನು ತಂಡದಿಂದ ಬೇರ್ಪಡಿಸಿ ಪ್ರತ್ಯೇಕವಾಗಿ ಅಭ್ಯಾಸ ಮಾಡಿಸುವ ಹಕ್ಕು ಬೇಕೆಂದು ಕ್ಲಬ್ಬುಗಳು ಕೇಳುತ್ತಿದ್ದವು. ಮೇಲ್ನೋಟಕ್ಕೆ ಚಿಕ್ಕ ಮಾತು. ಒಳಗೆ ಹೊಕ್ಕು ನೋಡಿ: ಒಪ್ಪಂದ ಇನ್ನೂ ಎರಡು ವರ್ಷ ಉಳಿದಿರುವ ಆಟಗಾರನನ್ನು ಹೊರಹಾಕಲು ಕಾನೂನು ಬಿಡದು, ಆದರೆ ಗೆಳೆಯರಿಂದ ದೂರ, ಮೂಲೆಯ ಮೈದಾನದಲ್ಲಿ ದಿನವೂ ಒಂಟಿಯಾಗಿ ಓಡಿಸಿದರೆ ಆರು ತಿಂಗಳಲ್ಲಿ ಅವನೇ ಬಿಟ್ಟುಹೋಗುತ್ತಾನೆ. ತರಗತಿಯನ್ನೇ ಕೊಡದೆ ಮೇಷ್ಟ್ರನ್ನು ಸಿಬ್ಬಂದಿ ಕೋಣೆಯಲ್ಲಿ ಕೂರಿಸುವ ವಿದ್ಯೆ ನಮ್ಮ ಇಲಾಖೆಯನ್ನು ಬಲ್ಲವರಿಗೆ ಹೊಸದಲ್ಲ. ಎರಡನೆಯ ಜಗಳ ಆ ಆಗಸ್ಟಿನಲ್ಲಿ ಇಟಲಿ ಸರ್ಕಾರ ದೊಡ್ಡ ವರಮಾನದವರ ಮೇಲೆ ಹಾಕಹೊರಟಿದ್ದ ಐಕಮತ್ಯ ತೆರಿಗೆಯದು. ಅದನ್ನು ಆಟಗಾರರೇ ತೆರಬೇಕೆಂದು ಒಪ್ಪಂದದಲ್ಲಿ ಬರೆಯಬೇಕೆಂದು ಕ್ಲಬ್ಬುಗಳು ಹಟ ಹಿಡಿದವು. ಕಾನೂನು ಯಾರಿಗೆ ಹೇಳುತ್ತದೋ ಅವರು ತೆರುತ್ತಾರೆ, ಅದಕ್ಕೂ ಈ ಒಪ್ಪಂದಕ್ಕೂ ಏನು ಸಂಬಂಧ ಎಂಬುದು ಸಂಘದ ನಿಲುವು.

ಪತ್ರಿಕೆಗಳಿಗೂ ರಾಜಕಾರಣಿಗಳಿಗೂ ಈ ಎರಡನೆಯದೇ ಸಾಕಾಯಿತು. ದೇಶ ಹಣದ ಮುಗ್ಗಟ್ಟಿನಲ್ಲಿರುವಾಗ ತೆರಿಗೆ ಕಟ್ಟಲೊಲ್ಲದ ಕೋಟ್ಯಧೀಶರ ಮುಷ್ಕರ ಎಂದು ಬಣ್ಣ ಕಟ್ಟಿದರು. ಮಂತ್ರಿಯೊಬ್ಬರು ಆಟಗಾರರನ್ನು ಮುದ್ದಿನಿಂದ ಕೆಟ್ಟ ಮಕ್ಕಳೆಂಬಂತೆ ಬೈದರು. ಇಪ್ಪತ್ತು ಕ್ಲಬ್ಬುಗಳಲ್ಲಿ ಹದಿನೆಂಟು ಸಹಿಗೆ ಒಲ್ಲೆವೆಂದವು. 2011ರ ಆಗಸ್ಟ್ 27 ಮತ್ತು 28ರಂದು ಸೀರಿ ಎ ಲೀಗಿನ ಮೊದಲ ಸುತ್ತು ನಡೆಯಲಿಲ್ಲ. ಸೆಪ್ಟೆಂಬರ್ 5ರಂದು ತಾತ್ಕಾಲಿಕ ಒಪ್ಪಂದವಾಗಿ 9ರಂದು ಆಟ ಶುರುವಾಯಿತು. ನಿಂತುಹೋದ ಸುತ್ತನ್ನು ಡಿಸೆಂಬರಿನಲ್ಲಿ ಆಡಿದರು.

ಆ ವಾರಗಳ ಫೋಟೋಗಳಲ್ಲಿ ಟೊಮ್ಮಾಸಿಯನ್ನು ನೋಡಿದರೆ ಸಭೆ ಮುಗಿಸಿ ಬಂದ ಹಳ್ಳಿಯ ಮೇಷ್ಟ್ರಂತೆ ಕಾಣುತ್ತಾನೆ. ಹಣದಾಸೆಯವನೆಂದು ಅವನನ್ನು ಜರೆಯುವುದು ಯಾರಿಗೂ ಸುಲಭವಿರಲಿಲ್ಲ. 2005ರಲ್ಲಿ ಆತ ಬಿಟ್ಟದ್ದು ತನ್ನ ಸ್ವಂತ ಪಾಲನ್ನು. ಅದನ್ನು ಬಿಡಲು ಆತನಿಗೆ ಹಕ್ಕಿತ್ತು. 2011ರಲ್ಲಿ ಕ್ಲಬ್ಬುಗಳು ಕೇಳಿದ್ದು ಇತರರ ಪಾಲನ್ನು; ಅದನ್ನು ಬಿಟ್ಟುಕೊಡಲು ಆತನಿಗೆ ಯಾವ ಹಕ್ಕೂ ಇರಲಿಲ್ಲ. ಸಂಘದ ಸದಸ್ಯರೆಂದರೆ ಟೊಟ್ಟಿಯಂಥ ಕೆಲವರಷ್ಟೇ ಅಲ್ಲ. ಕೆಳದರ್ಜೆಯ ಲೀಗುಗಳಲ್ಲಿ, ಮೂವತ್ತೈದಕ್ಕೆ ಮುಗಿಯುವ ವೃತ್ತಿಯಲ್ಲಿ, ಮುಂದಿನ ವರ್ಷ ಕ್ಲಬ್ಬು ಇರುತ್ತದೋ ಇಲ್ಲವೋ ತಿಳಿಯದೆ ಆಡುವ ಸಾವಿರಾರು ಮಂದಿ. ಒಂಟಿಯಾಗಿ ಓಡಿಸುವ ಕಲಮು ಮೊದಲು ಮುರಿಯುವುದು ಇವರ ಬೆನ್ನನ್ನು. ನಮ್ಮ ಶಾಸ್ತ್ರಿಗಳು ಆಡದೆ ಉಳಿದ ಮಾತನ್ನು ಈತ ಆಡಿದ ಎಂದು ನನಗನಿಸಿತು.

2015ರಲ್ಲಿ ಪಾರ್ಮಾ ಕ್ಲಬ್ಬು ಮತ್ತೆ ನೆಲಕಚ್ಚಿತು. ಒಂದು ಯೂರೋಗೆ ಕೈಬದಲಾಯಿಸಿತೆಂದು ಹೇಳಲಾದ ಕ್ಲಬ್ಬದು. ಆಟಗಾರರಿಗೆ ತಿಂಗಳುಗಟ್ಟಲೆ ಸಂಬಳವಿರಲಿಲ್ಲ; ಕಚೇರಿಯವರಿಗೂ ಕೆಲಸಗಾರರಿಗೂ ಇರಲಿಲ್ಲ. ಎರಡು ಪಂದ್ಯಗಳನ್ನು ಮುಂದೂಡಬೇಕಾಯಿತು. ಒಂದು ವಾರಾಂತ್ಯ ಲೀಗಿನ ಪಂದ್ಯಗಳನ್ನೆಲ್ಲ ಬೇಕೆಂದೇ ತಡವಾಗಿ ಆರಂಭಿಸಿ ಉಳಿದ ತಂಡಗಳ ಆಟಗಾರರು ಪಾರ್ಮಾದವರ ಜೊತೆ ನಿಂತರು. ಮಾರ್ಚಿನಲ್ಲಿ ನ್ಯಾಯಾಲಯ ಕ್ಲಬ್ಬನ್ನು ದಿವಾಳಿಯೆಂದು ಘೋಷಿಸಿತು. 2011ರಲ್ಲಿ ಕೋಟ್ಯಧೀಶರ ಮುಷ್ಕರವೆಂದು ನಕ್ಕವರಲ್ಲಿ ಎಷ್ಟು ಮಂದಿಗೆ ಆಗ ಹಳೆಯದು ನೆನಪಾಯಿತೋ.

ಮಹಿಳಾ ಆಟಗಾರ್ತಿಯರದು ಇನ್ನೊಂದು ಅಧ್ಯಾಯ. 1981ರ ಶಾಸನದ ಫಲ ಅವರಿಗೆ ತಲುಪಿರಲೇ ಇಲ್ಲ. ರಾಷ್ಟ್ರೀಯ ತಂಡದಲ್ಲಿ ಆಡುವವರೂ ಕಾಗದದ ಮೇಲೆ ಹವ್ಯಾಸಿಗಳೇ. ಸಂಘ ಈ ಬೇಡಿಕೆಯನ್ನು ಬಹುಕಾಲ ಹಿಡಿದುಕೊಂಡಿತು. 2022ರ ಜುಲೈ 1ರಂದು ಮಹಿಳೆಯರ ಸೀರಿ ಎ ವೃತ್ತಿಪರ ಲೀಗೆಂದು ಮಾನ್ಯವಾದಾಗ ಟೊಮ್ಮಾಸಿ ಅಧ್ಯಕ್ಷಗಿರಿ ಬಿಟ್ಟು ಎರಡು ವರ್ಷವಾಗಿತ್ತು.

ಆತ ಎಲ್ಲದರಲ್ಲಿಯೂ ಗೆದ್ದನೆಂದು ತಿಳಿಯಬಾರದು. 2017ರ ನವೆಂಬರಿನಲ್ಲಿ ಸ್ವೀಡನ್ನಿಗೆ ಸೋತು ಇಟಲಿ ವಿಶ್ವಕಪ್ಪಿಗೇ ಹೋಗದಂತಾದಾಗ ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷ ಸ್ಥಾನ ತೆರವಾಯಿತು. 2018ರ ಜನವರಿ 29ರ ಚುನಾವಣೆಗೆ ನಿಂತ ಮೂವರಲ್ಲಿ ಟೊಮ್ಮಾಸಿಯೂ ಒಬ್ಬ. ಸುತ್ತಿನ ಮೇಲೆ ಸುತ್ತು ಮತದಾನವಾದರೂ ಯಾರಿಗೂ ಬಹುಮತ ಬರಲಿಲ್ಲ. ಹೊರಗಿನಿಂದ ಆಡಳಿತಾಧಿಕಾರಿಯನ್ನು ನೇಮಿಸಬೇಕಾಯಿತು. ನಮ್ಮ ಸಹಕಾರಿ ಸಂಘಗಳ ಚುನಾವಣೆ ನೋಡಿದವರಿಗೆ ಇದೂ ಪರಿಚಿತ ನೋಟವೇ.

2022ರಲ್ಲಿ ವೆರೋನಾ ನಗರದ ಮೇಯರ್ ಸ್ಥಾನಕ್ಕೆ ಮಧ್ಯ-ಎಡ ಪಕ್ಷಗಳ ಬೆಂಬಲದೊಡನೆ ಆತ ನಿಂತಾಗ ಗೆಲ್ಲುತ್ತಾನೆಂದು ನಂಬಿದವರು ಕಡಿಮೆ. ವೆರೋನಾ ಬಲಪಂಥದ ಕೋಟೆ. ಆದರೆ ಬಲಪಂಥದವರು ಇಬ್ಭಾಗವಾದರು. ಹಾಲಿ ಮೇಯರ್ ಸ್ಬೊಆರಿನಾ, ಮಾಜಿ ಮೇಯರ್ ತೋಸಿಯೊಡನೆ ಎರಡನೆಯ ಸುತ್ತಿನಲ್ಲೂ ಅಧಿಕೃತವಾಗಿ ಕೈಜೋಡಿಸಲಿಲ್ಲ. ಜೂನ್ 26ರ ಎರಡನೆಯ ಸುತ್ತಿನಲ್ಲಿ ಟೊಮ್ಮಾಸಿ ಶೇಕಡಾ 53ರಷ್ಟು ಮತ ಪಡೆದು ಗೆದ್ದ. ಎದುರಾಳಿಗಳ ಜಗಳವೂ ಆ ಗೆಲುವಿನಲ್ಲಿ ಪಾಲು ಪಡೆದಿತ್ತೆನ್ನುವುದನ್ನು ಮರೆಯಬೇಕಿಲ್ಲ.

ವೆರೋನಾದ ಬೆಂಟೆಗೋದಿ ಕ್ರೀಡಾಂಗಣ ನಗರಸಭೆಯ ಸ್ವತ್ತು. ಅಲ್ಲಿ ಆಡುವ ಹೆಲ್ಲಾಸ್ ವೆರೋನಾ ಕ್ಲಬ್ಬು ಅದಕ್ಕೆ ಬಾಡಿಗೆದಾರ. ಇಪ್ಪತ್ತರ ಹರೆಯದಲ್ಲಿ ಲೆಸ್ಸೀನಿಯಾದ ಗುಡ್ಡದಿಂದ ಇಳಿದುಬಂದು ಆ ಹುಲ್ಲಿನ ಮೇಲೆ ಓಡಲಾರಂಭಿಸಿದ್ದ ಹುಡುಗನ ಮೇಜಿಗೆ ಈಗ ಅದರ ದುರಸ್ತಿಯ ಕಡತಗಳು ಸಹಿಗಾಗಿ ಬರತೊಡಗಿದವು.